ನೇರ ಗೆರೆಯ ಗುಟ್ಟು

ನೇರವಾಗಿ ಒಂದು ಗೆರೆ ಎಳೆಯುವುದು ಬಹು ಸುಲಭವಾದ ಕೆಲಸವೆಂದು ಎಲ್ಲರೂ ಭಾವಿಸಿರುತ್ತಾರೆ. ಎಳೆಯಲು ಕುಳಿತಾಗಲೇ ಅದರ ಕಷ್ಟ ತಿಳಿಯುವುದು. ಕಾಡಿನ ಮರ, ಹರಿಯುವ ಹೊಳೆ, ಮುದುಕನ ಮುಖ ಇವನ್ನು ಬರೆಯುವಾಗ ಗೆರೆ ಅತ್ತಿತ್ತ ವಾಲಿದರೆ ನೋಡುವವರ ಕಣ್ಣು ಕ್ಷಮಿಸುತ್ತದೆ. ಕಂಬದ ಅಂಚೋ ಗೋಡೆಯ ಮೂಲೆಯೋ ಕೂದಲೆಳೆಯಷ್ಟು ಸೊಟ್ಟಗಾದರೂ ಅದೇ ಕಣ್ಣು ಕ್ಷಮಿಸದು.

ಅರಸೀಕೆರೆಯ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಆ ಮನೆಯ ಹಿರಿಯರು ಪ್ರೌಢಶಾಲೆಯಲ್ಲಿ ಬಹುಕಾಲ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದವರು. ಊರಿನ ಈಶ್ವರ ದೇವಾಲಯದ ತಲವಿನ್ಯಾಸವನ್ನು ತಮ್ಮ ಕೈಯಿಂದಲೇ ಬರೆದು ಮೊಮ್ಮಕ್ಕಳಿಗೆ ಬಿಟ್ಟುಹೋಗಬೇಕೆಂಬುದು ಅವರ ಬಯಕೆ. ಅದಕ್ಕೆ ಕಾರಣವೂ ಉಂಟು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದುವು. ಸುಮಾರು 1220ರಲ್ಲಿ ನಿರ್ಮಿತವಾದ ಅರಸೀಕೆರೆಯ ದೇವಾಲಯ ಆ ಪಟ್ಟಿಯಲ್ಲಿಲ್ಲ. ಗಾತ್ರದಲ್ಲಿ ಅದು ಸಣ್ಣದು. ಶಿಲ್ಪಗಳೂ ಅಷ್ಟಾಗಿ ಇಲ್ಲ. ಆದರೆ ಅದರ ಮಂಟಪದ ತಲವಿನ್ಯಾಸ ಹದಿನಾರು ಮೊನೆಗಳ ನಕ್ಷತ್ರ. ವಿನ್ಯಾಸದ ಜಟಿಲತೆಯಲ್ಲಿ ಅದಕ್ಕೆ ಸರಿಗಟ್ಟುವ ಹೊಯ್ಸಳ ಕಟ್ಟಡ ಬೇರೊಂದಿಲ್ಲವೆಂದು ಬಲ್ಲವರು ಹೇಳುವುದುಂಟು.

ಮೇಷ್ಟರಿಗೆ ಬಂದ ತೊಡಕು ಒಂದೇ. ವಯಸ್ಸಿನಿಂದ ಕೈ ನಡುಗತೊಡಗಿತ್ತು. ಅಡಿಪಟ್ಟಿಯನ್ನು ಒತ್ತಿ ಹಿಡಿದ ಎಡಗೈ ಜಾರುವುದು. ಬಲಗೈಯ ಪೆನ್ಸಿಲು ಅಂಚನ್ನು ಬಿಟ್ಟು ಅಲೆಯುವುದು. ನಾಲ್ಕಾರು ಹಾಳೆಗಳನ್ನು ಹರಿದು ಹಾಕಿದ ಮೇಲೆ ಅವರು ಚಿತ್ರದ ಹಲಗೆಯನ್ನು ಅಟ್ಟದ ಮೇಲಿಟ್ಟುಬಿಟ್ಟರು. ಬದುಕೆಲ್ಲ ಇತರರ ಗೆರೆಗಳನ್ನು ತಿದ್ದಿದವರಿಗೆ ತಮ್ಮ ಗೆರೆಯೇ ಸೊಟ್ಟಗಾಗುವುದನ್ನು ನೋಡಲಾದೀತೆ?

ರಜೆಗೆಂದು ಬಂದ ಮೊಮ್ಮಗಳು ಹಲಗೆ ಅಟ್ಟ ಸೇರಿದುದನ್ನು ಕಂಡಳು. ಏನೂ ಕೇಳದೆ ತನ್ನ ಕಂಪ್ಯೂಟರನ್ನು ತಂದು ತಾತನ ಮುಂದಿಟ್ಟಳು. ಚಿತ್ರಗಳನ್ನು ತಿದ್ದುವ ಸಾಧನವೊಂದನ್ನು ತೆರೆದು, ಕುಂಚದ ಗುರುತನ್ನು ಆರಿಸಿ, ಮೌಸನ್ನು ಅವರ ಕೈಗೆ ಕೊಟ್ಟಳು. ಮೇಷ್ಟರು ಎಳೆದರು. ಪರದೆಯ ಮೇಲೆ ಹಾವು ಹರಿದಂತಾಯಿತು.

"ನೋಡಿದೆಯಾ? ಯಂತ್ರವಾದರೇನು, ಕೈ ನನ್ನದೇ ತಾನೆ!" ಎಂದು ಅವರು ಕೈ ಹಿಂದೆಗೆದರು.

"ತಾತ, ನೀವು ಎಳೆಯಲೇಬೇಡಿ. ಇಲ್ಲೊಂದು ಚುಕ್ಕೆ ಇಡಿ. ಈ ಷಿಫ್ಟ್ ಕೀಲಿಯನ್ನು ನಾನು ಒತ್ತಿ ಹಿಡಿದಿರುತ್ತೇನೆ. ಈಗ ಅಲ್ಲೊಂದು ಚುಕ್ಕೆ ಇಡಿ."

"ನಡುವಿನ ಗೆರೆ?"

"ಅದು ತಾನಾಗಿಯೇ ಬರುತ್ತದೆ."

ಬಂದಿತು, ಬಿಗಿದ ತಂತಿಯಂತೆ ನೇರವಾಗಿ ಬಂದಿತು. ಮೇಷ್ಟರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು. "ಇದು ನಿನ್ನ ಅಜ್ಜಿಯ ರಂಗವಲ್ಲಿ ಕಣೇ! ಅವಳೂ ಮೊದಲು ಚುಕ್ಕೆ ಇಟ್ಟ ಮೇಲೆಯೇ ಗೆರೆ ಎಳೆಯುತ್ತಿದ್ದಳು" ಎಂದರು.

ಮೇಷ್ಟರ ಮಾತಿನಲ್ಲಿ ತಥ್ಯವಿದೆ. ನೇರ ಗೆರೆ ಹುಟ್ಟುವುದು ಕೈಯ ಸ್ಥಿರತೆಯಿಂದಲ್ಲ. ಎರಡು ಬಿಂದುಗಳ ನಿಶ್ಚಯದಿಂದ. ಬಡಗಿಯೂ ಹೀಗೆಯೇ ಮಾಡುವನು. ಕಾವಿಯಲ್ಲಿ ಅದ್ದಿದ ದಾರವನ್ನು ಮರದ ಎರಡು ತುದಿಗಳಲ್ಲಿ ಬಿಗಿಯಾಗಿ ಹಿಡಿದು, ನಡುವೆ ಮೀಟಿ ಬಿಟ್ಟರೆ ಗೆರೆ ತಾನಾಗಿ ಮೂಡುವುದು. ಶಿಲ್ಪಶಾಸ್ತ್ರದಲ್ಲಿ ಕಟ್ಟಡದ ಯೋಜಕನಿಗೆ ಸೂತ್ರಧಾರನೆಂಬ ಹೆಸರಿರುವುದು ಸುಮ್ಮನೆ ಅಲ್ಲ. ಸೂತ್ರವೆಂದರೆ ದಾರ. ಉಳಿ ಹಿಡಿದವನಿಗೆ ಮೊದಲು ದಾರ ಹಿಡಿದವನು ಬೇಕು.

ದಾರದ ಈ ಮಹಿಮೆಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕಾಣಬಹುದು. ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆಗಳ ಸಾಲುಗಳು. ದೂರದಿಂದ ನೋಡಿದರೆ ಅಡಿಪಟ್ಟಿಯಿಟ್ಟು ಎಳೆದ ಗೆರೆಗಳಂತೆ ಅವು ಗೋಡೆಯನ್ನು ಸುತ್ತುವುವು. ಸಮೀಪಕ್ಕೆ ಹೋದರೆ ಒಂದು ಆನೆಯಂತೆ ಇನ್ನೊಂದಿಲ್ಲ. ಗೆರೆ ಒಂದೇ, ಅದನ್ನು ತುಂಬಿದ ಕೈಗಳು ಹಲವು. ಕಲ್ಲಾದರೂ ಎಂತಹುದು? ಬಳಪದ ಕಲ್ಲು. ಅಗೆದು ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗತಕ್ಕದ್ದು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯೂ ಇದೇ ಕಲ್ಲಿನದು. ಮಗು ಸ್ಲೇಟಿನ ಮೇಲೆ ಮೊದಲ ಸೊಟ್ಟಗೆರೆಯನ್ನು ಎಳೆಯುವ ಬಳಪವೂ, ಶಿಲ್ಪಿಯ ಕೈಯಲ್ಲಿ ಗುಡಿಯಾದ ಕಲ್ಲೂ ಒಂದೇ ಹೆಸರನ್ನು ಹೊತ್ತಿರುವುದು ಸ್ವಾರಸ್ಯವಲ್ಲವೆ?

ಯಂತ್ರದ ಗೆರೆಯೂ ಹತ್ತಿರದಿಂದ ನೋಡಿದಾಗ ಬೇರೆಯಾಗಿಯೇ ಕಾಣುವುದು. ಕಂಪ್ಯೂಟರಿನ ಪರದೆ ಸಣ್ಣ ಚೌಕಗಳ ಒಂದು ಜಾಲ. ಅಡ್ಡ ಗೆರೆಗೂ ಉದ್ದ ಗೆರೆಗೂ ತೊಂದರೆಯಿಲ್ಲ; ಚೌಕಗಳನ್ನು ಸಾಲಾಗಿ ತುಂಬಿದರೆ ಸಾಕು. ಓರೆಗೆರೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಪ್ರತಿ ಹೆಜ್ಜೆಗೂ ಯಾವ ಚೌಕ ನಿಜವಾದ ಗೆರೆಗೆ ಹೆಚ್ಚು ಸಮೀಪವೆಂದು ತೀರ್ಮಾನಿಸಬೇಕು. ಕೇವಲ ಕೂಡುವುದು, ಕಳೆಯುವುದು, ಹೋಲಿಸುವುದು ಇಷ್ಟರಿಂದಲೇ ಆ ತೀರ್ಮಾನವನ್ನು ಮಾಡುವ ಕ್ರಮವೊಂದನ್ನು ಅಮೆರಿಕದ ಐಬಿಎಂ ಸಂಸ್ಥೆಯ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದರು. ಅದು 1965ರಲ್ಲಿ ಪ್ರಕಟವಾಯಿತು. ಈಗಿನ ಸಾಧನಗಳು ಮೆಟ್ಟಿಲುಗಳ ಅಂಚಿಗೆ ಅರೆಬಣ್ಣ ತುಂಬಿ ಅವನ್ನು ಕಣ್ಣಿಗೆ ಕಾಣದಂತೆ ಮರೆಸುತ್ತವೆ.

ಆದರೆ ಯಂತ್ರಕ್ಕೂ ತನ್ನದೇ ಆದ ಹಟವುಂಟು. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಷಾಪ್ ಆಗಲಿ, ಎಲ್ಲರಿಗೂ ಉಚಿತವಾಗಿ ದೊರೆಯುವ ಗಿಂಪ್ ಆಗಲಿ, ಚುಕ್ಕೆಯಿಂದ ಚುಕ್ಕೆಗೆ ಗೆರೆ ಹಾಕುವುದರಲ್ಲಿ ಒಂದೇ ಬಗೆ. ಆಕೃತಿಯನ್ನು ಕೀಲಿಯ ನೆರವಿನಿಂದ ತಿರುಗಿಸುವಾಗ ಮಾತ್ರ ಅವು 15 ಅಂಶಗಳ ಲೆಕ್ಕದಲ್ಲಿಯೇ ನಿಲ್ಲುವುವು: 15, 30, 45, 60. ಅರಸೀಕೆರೆಯ ನಕ್ಷತ್ರಕ್ಕೆ ಈ ಲೆಕ್ಕ ಒಗ್ಗದು. ಹದಿನಾರು ಸಮ ಮೊನೆಗಳ ನಕ್ಷತ್ರವನ್ನು ಬರೆಯಬೇಕಾದರೆ ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಅಂಶಗಳಂತೆ ಮೂರು ಸಲ ತಿರುಗಿಸಬೇಕು. ನಾಲ್ಕು ಚೌಕಗಳು, ಚೌಕಕ್ಕೆ ನಾಲ್ಕು ಮೂಲೆಗಳು, ಒಟ್ಟು ಹದಿನಾರು ಮೊನೆಗಳು.

ಮೊಮ್ಮಗಳು ಎಷ್ಟು ತಿರುಗಿಸಿದರೂ ಚೌಕ 15ರಲ್ಲಿ ನಿಲ್ಲುವುದು, ಇಲ್ಲವೆ 30ಕ್ಕೆ ಹಾರುವುದು. ಈಗ ಮೇಷ್ಟರ ಸರದಿ ಬಂದಿತು.

"ಸಮಕೋನವನ್ನು ಅರ್ಧ ಮಾಡು, ಪುಟ್ಟಿ. ಎಷ್ಟಾಯಿತು?"

"ನಲವತ್ತೈದು."

"ಅದನ್ನೂ ಅರ್ಧ ಮಾಡು. ಒಂದು ಗೂಟವೂ ಒಂದು ದಾರವೂ ಇದ್ದರೆ ಇಷ್ಟನ್ನು ನೆಲದ ಮೇಲೆಯೇ ಮಾಡಬಹುದು. ನಿನ್ನ ಯಂತ್ರಕ್ಕೆ ಆ ಸಂಖ್ಯೆಯನ್ನು ಬರೆದು ತಿಳಿಸುವ ದಾರಿ ಇಲ್ಲವೆ?"

ದಾರಿ ಇದ್ದಿತು. ಆಕೃತಿಯನ್ನು ತಿರುಗಿಸುವಾಗ ಕೋನದ ಮನೆಯಲ್ಲಿ 22.5 ಎಂದು ಬರೆದರೆ ಯಂತ್ರ ಮರುಮಾತಿಲ್ಲದೆ ಒಪ್ಪುವುದು. ಒಂದೊಂದು ಚೌಕವನ್ನೂ ಬೇರೆ ಬೇರೆ ಪದರದ ಮೇಲೆ ಇರಿಸಿಕೊಂಡರೆ ಒಂದು ತಪ್ಪಿದಾಗ ಉಳಿದುವಕ್ಕೆ ಹಾನಿಯಾಗದು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕು ಚೌಕಗಳೂ ಕೂಡಿ, ಪರದೆಯ ಮೇಲೆ ಹದಿನಾರು ಮೊನೆಗಳು ಅರಳಿದ್ದುವು. ನಡುಗುವ ಕೈಯ ಗುರುತು ಒಂದು ಗೆರೆಯಲ್ಲಿಯೂ ಇರಲಿಲ್ಲ.

ಯಂತ್ರ ಬಂದು ಕೈಯ ವಿದ್ಯೆಯನ್ನು ಕೆಡಿಸಿತೆಂದು ಹಿರಿಯರು ನೊಂದುಕೊಳ್ಳುವುದುಂಟು. ಯಂತ್ರವಿರುವಾಗ ಹಿರಿಯರ ವಿದ್ಯೆ ಏತಕ್ಕೆಂದು ಕಿರಿಯರು ಕೇಳುವುದೂ ಉಂಟು. ಇಬ್ಬರೂ ಗೆರೆಯನ್ನು ನೋಡುತ್ತಾರೆಯೇ ಹೊರತು ಬಿಂದುವನ್ನು ನೋಡುವುದಿಲ್ಲ. ಗೆರೆಯನ್ನು ದಾರವೂ ಎಳೆದೀತು, ಅಡಿಪಟ್ಟಿಯೂ ಎಳೆದೀತು, ಷಿಫ್ಟ್ ಕೀಲಿಯೂ ಎಳೆದೀತು. ಅದು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಬೇಕೆಂಬುದನ್ನು ಮಾತ್ರ ಬಲ್ಲವರೇ ಹೇಳಬೇಕು.

ಮರುದಿನ ಬೆಳಿಗ್ಗೆ ಮೇಷ್ಟರು ಅಟ್ಟದಿಂದ ಹಲಗೆಯನ್ನು ಇಳಿಸಲು ಹೇಳಿದರು. ಗೆರೆಗಳೇನೋ ಯಂತ್ರದವಾದುವು. ಕಂಬಗಳ ಕೆತ್ತನೆಗೆ ನೆರಳು ಕೊಡುವ ಕೆಲಸ ಬಾಕಿಯಿದ್ದಿತು. ಅಲ್ಲಿ ಕೈ ತುಸು ನಡುಗಿದರೂ ಚಿಂತೆಯಿರಲಿಲ್ಲ.