ಫುಟ್‌ಬಾಲ್ ಆಟಗಾರರ ಗಾಯಗಳ ದಾಖಲೆ ಮತ್ತು ತಡೆಗಾಗಿ ಮನವಿ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಬೆಂಗಳೂರು.

ವಿಷಯ: ಪುರುಷರ ಸೂಪರ್ ಡಿವಿಷನ್ ಲೀಗ್‌ನಲ್ಲಿ ಆಗುವ ಗಾಯಗಳನ್ನು ಆಟದ ಗಂಟೆಗಳ ಸಮೇತ ದಾಖಲಿಸುವ ಬಗ್ಗೆ.

ಮಾನ್ಯರೇ,

ಗಾಯದ ಪ್ರಮಾಣ ಎಂದರೆ ಎಷ್ಟು ಮಂದಿ ಗಾಯಗೊಂಡರು ಎಂಬ ಬರಿಯ ಎಣಿಕೆಯಲ್ಲ. ಆಟಗಾರರು ಅಂಗಳದಲ್ಲಿ ಕಳೆದ ಗಂಟೆಗಳನ್ನೆಲ್ಲ ಕೂಡಿಸಿ, ಪ್ರತಿ 1000 ಗಂಟೆಗೆ ಎಷ್ಟು ಗಾಯಗಳಾದವು ಎಂದು ಲೆಕ್ಕ ಹಾಕಿದಾಗ ಮಾತ್ರ ಒಂದು ತಂಡವನ್ನು ಇನ್ನೊಂದರೊಡನೆ, ಈ ವರ್ಷವನ್ನು ಕಳೆದ ವರ್ಷದೊಡನೆ ಹೋಲಿಸಲು ಬರುತ್ತದೆ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2001ರಿಂದ ಅಗ್ರ ಕ್ಲಬ್‌ಗಳಲ್ಲಿ ನಡೆಸಿಕೊಂಡು ಬಂದಿರುವ, ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಅವರ ನೇತೃತ್ವದಲ್ಲಿ ಆರಂಭವಾದ ಅಧ್ಯಯನ ಈ ಕ್ರಮವನ್ನೇ ಹಿಡಿದಿದೆ. ಮುಂದಿನ ಅಭ್ಯಾಸಕ್ಕೋ ಪಂದ್ಯಕ್ಕೋ ಇಳಿಯದಂತೆ ತಡೆದದ್ದನ್ನು ಮಾತ್ರ ಗಾಯವೆಂದು ಎಣಿಸಿದ ಆ ಅಧ್ಯಯನದ ಮೊದಲ ಏಳು ಋತುಗಳಲ್ಲಿ, 1000 ಗಂಟೆಗೆ ಅಭ್ಯಾಸದಲ್ಲಿ 4.1 ಮತ್ತು ಪಂದ್ಯದಲ್ಲಿ 27.5 ಗಾಯಗಳು ಕಂಡುಬಂದವು. 25 ಆಟಗಾರರ ತಂಡವೊಂದಕ್ಕೆ ಋತುವಿಗೆ ಸುಮಾರು 50 ಗಾಯಗಳು. ಉತ್ತಮ ವೈದ್ಯರೂ ಹಣವೂ ಇರುವ ಕ್ಲಬ್‌ಗಳ ಸ್ಥಿತಿಯೇ ಇದಾಗಿರುವಾಗ ಸೂಪರ್ ಡಿವಿಷನ್ನಿನ ಸ್ಥಿತಿಯನ್ನು ಊಹೆಗೆ ಬಿಡುವುದು ಸರಿಯಲ್ಲವೆಂದು ಮನವಿದಾರರು ಭಾವಿಸುತ್ತಾರೆ.

ಗಾಯಕ್ಕೆ ದಾರಿಮಾಡುವ ಅಂಶಗಳಲ್ಲಿ ಎಲ್ಲಕ್ಕಿಂತ ಪ್ರಬಲವಾದುದು ಹಿಂದಿನ ಗಾಯ. ಸ್ವೀಡನ್ನಿನ ಅಗ್ರ ಲೀಗ್‌ನಲ್ಲಿ, ಹಿಂದಿನ ಋತುವಿನಲ್ಲಿ ತೊಡೆಯ ಹಿಂಭಾಗದ ಸ್ನಾಯು, ತೊಡೆಸಂದು ಅಥವಾ ಮಂಡಿಗೆ ಪೆಟ್ಟಾಗಿದ್ದ ಆಟಗಾರರಿಗೆ ಅದೇ ಬಗೆಯ ಗಾಯ ಮರಳುವ ಸಂಭವ ಎರಡರಿಂದ ಮೂರು ಪಟ್ಟು ಹೆಚ್ಚಿತ್ತು. ಮರುಕಳಿಸಿದ ಗಾಯ ಮೊದಲಿನದಕ್ಕಿಂತ ಹೆಚ್ಚು ದಿನ ಆಟದಿಂದ ದೂರವಿಡುತ್ತದೆ ಎಂಬುದನ್ನು ಯುಇಎಫ್‌ಎ ಅಧ್ಯಯನವೂ ತೋರಿಸಿದೆ. ಆದುದರಿಂದ ಗಾಯಗೊಂಡವನು ಮತ್ತೆ ಯಾವಾಗ ಆಡಬೇಕೆಂಬ ನಿರ್ಧಾರ ಮುಂದಿನ ಪಂದ್ಯದ ಮಹತ್ವವನ್ನು ನೋಡಿ ಆಗದೆ, ವೈದ್ಯರ ಲಿಖಿತ ಒಪ್ಪಿಗೆಯ ಮೇಲೆ ಆಗುವಂತೆ ಲೀಗ್ ನಿಯಮಗಳಲ್ಲೇ ಸೇರಿಸಬೇಕು. ಪಂದ್ಯಗಳ ನಡುವೆ ಆರು ದಿನ ಸಿಕ್ಕಾಗ ಆಗುವುದಕ್ಕಿಂತ ನಾಲ್ಕೇ ದಿನ ಸಿಕ್ಕಾಗ ಸ್ನಾಯುಗಾಯಗಳು ಹೆಚ್ಚುತ್ತವೆ ಎಂಬುದನ್ನು ವೇಳಾಪಟ್ಟಿ ಸಿದ್ಧಪಡಿಸುವವರು ಗಮನಿಸಬೇಕು.

ಓಟದ ವೇಗ ಏರಿದಂತೆ ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹೆಚ್ಚು ಹೊರೆ ಹೊರುತ್ತದೆ. ಯುಇಎಫ್‌ಎ ದಾಖಲೆಗಳಲ್ಲಿ ಒಟ್ಟು ಗಾಯಗಳ ಪೈಕಿ ಈ ಸ್ನಾಯುವಿನ ಗಾಯಗಳ ಪಾಲು 2001–02ರಲ್ಲಿದ್ದ ಶೇಕಡ 12ರಿಂದ 2021–22ರಲ್ಲಿ ಶೇಕಡ 24ಕ್ಕೆ ಏರಿದೆ. ಇದಕ್ಕೆ ನಾರ್ಡಿಕ್ ವ್ಯಾಯಾಮವೆಂಬ ಮದ್ದಿದೆ: ಮಂಡಿಯೂರಿದ ಆಟಗಾರನ ಕಣಕಾಲುಗಳನ್ನು ಜೊತೆಗಾರ ಅದುಮಿ ಹಿಡಿದಾಗ, ಅವನು ಮೈಯನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾನೆ. ಯಾವ ಯಂತ್ರವೂ ಬೇಡದ ಇದು ಈ ಗಾಯವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆದರೂ ಇದನ್ನು ಕ್ರಮವಾಗಿ ಮಾಡಿಸುವ ಕ್ಲಬ್‌ಗಳು ಯುರೋಪಿನಲ್ಲೂ ಕಡಿಮೆ ಎಂಬುದು ಸೋಜಿಗ. ಇದನ್ನು ಕಲಿಸಲು ಸಂಸ್ಥೆಯೇ ಕೋಚ್‌ಗಳಿಗೆ ಶಿಬಿರ ನಡೆಸಬೇಕು.

ಕೃತಕ ಹುಲ್ಲನ್ನೇ ದೂರುವ ಅಭ್ಯಾಸವಿದ್ದರೂ, ಯುರೋಪಿನ ಅಧ್ಯಯನದಲ್ಲಿ ಅದರ ಮೇಲೆ ಒಟ್ಟಾರೆ ಗಾಯಗಳು ಹೆಚ್ಚಲಿಲ್ಲ, ಕಣಕಾಲು ಉಳುಕುವುದು ಮಾತ್ರ ಹೆಚ್ಚಿತು. ಬೆಂಗಳೂರಿನ ಅಂಗಳಗಳಿಗೂ ಇದು ಅನ್ವಯಿಸುತ್ತದೆಯೇ ಎಂಬುದನ್ನು ಇಲ್ಲಿನ ಲೆಕ್ಕವೇ ಹೇಳಬೇಕು. ಆದುದರಿಂದ ಪ್ರತಿ ಕ್ಲಬ್ಬೂ ಅಭ್ಯಾಸ ಮತ್ತು ಪಂದ್ಯದ ಗಂಟೆಗಳನ್ನೂ, ಗಾಯದ ಜಾಗ, ಬಗೆ, ಅಂಗಳ, ತಪ್ಪಿದ ದಿನಗಳನ್ನೂ ಒಂದೇ ನಮೂನೆಯಲ್ಲಿ ಪ್ರತಿ ತಿಂಗಳು ಸಲ್ಲಿಸುವಂತೆ ಮುಂದಿನ ಋತುವಿನಿಂದ ಕಡ್ಡಾಯ ಮಾಡಬೇಕೆಂದೂ, ಆಟಗಾರರ ಹೆಸರುಗಳನ್ನು ಗೋಪ್ಯವಾಗಿಟ್ಟು ವಾರ್ಷಿಕ ಲೆಕ್ಕವನ್ನು ಪ್ರಕಟಿಸಬೇಕೆಂದೂ ಕೋರಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಲೀಗ್‌ನ ಆಟಗಾರರು, ಕೋಚ್‌ಗಳು ಹಾಗೂ ಫಿಸಿಯೋಗಳು