ಮಂಗಳ ಮುಗಿದ ಮೇಲಿನ ದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಯಕ್ಷಗಾನದ ಕರಪತ್ರಗಳಲ್ಲಿ ಸಾಮಾನ್ಯವಾಗಿ ಹಿಮ್ಮೇಳದವರ ಹೆಸರು ಮೊದಲು, ವೇಷಧಾರಿಗಳದು ಆಮೇಲೆ. ಭಾಗವತರು, ಮದ್ದಲೆ, ಚಂಡೆ ಇಲ್ಲದೆ ಆಟ ಏಳುವುದಿಲ್ಲ ಎಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮಂಗಳ ಹಾಡಿ ಅರ್ಧ ಗಂಟೆ ಕಳೆದ ಮೇಲೆ ಇವರು ಯಾವ ಘಟ್ಟ ಇಳಿಯುತ್ತಿದ್ದಾರೆ, ಗಾಡಿ ಯಾರ ಕೈಯಲ್ಲಿದೆ ಎಂದು ಎಷ್ಟು ಸಂಘಟಕರಿಗೆ ಗೊತ್ತಿರುತ್ತದೆ?

ಹಿಂದಿನ ಮೇಳದ ತಿರುಗಾಟ ಸುಖದ್ದಾಗಿತ್ತು ಎನ್ನುತ್ತಿಲ್ಲ. ದೀಪಾವಳಿ ಕಳೆದ ಮೇಲೆ ಹೊರಟರೆ ಮಳೆ ಹಿಡಿಯುವವರೆಗೂ ಊರೂರು ಅಲೆತ. ಆದರೂ ಅದಕ್ಕೊಂದು ಕಟ್ಟುಪಾಡಿತ್ತು. ರಾತ್ರಿ ಕುಣಿದು ಬಾರಿಸಿದವರು ಹಗಲು ಮಲಗುತ್ತಿದ್ದರು. ಮೇಳದ ಗಾಡಿಗೆ ಬೇರೆ ಚಾಲಕನಿರುತ್ತಿದ್ದ, ಮುಂದಿನ ಬಿಡಾರ ಯಜಮಾನರ ಹೊಣೆ. ರಾತ್ರಿಯ ಮೊದಲ ಭಾಗಕ್ಕೆ ಸಂಗೀತಗಾರ ಕೂತು ಹಾಡಿದರೆ ಮುಖ್ಯ ಭಾಗವತರು ಅಷ್ಟು ಹೊತ್ತು ಚೌಕಿಯಲ್ಲಿ ಒರಗಿಕೊಳ್ಳಬಹುದಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ನಮ್ಮ ಶಿರಸಿ ಕಡೆಯ ನೆಬ್ಬೂರು ನಾರಾಯಣ ಭಾಗವತರು ದಶಕಗಳ ಕಾಲ ಹಾಡಿದ್ದು ಇಂಥ ತಿರುಗಾಟದ ನಡುವೆಯೇ.

ಈಗ ನಮ್ಮಲ್ಲಿ ಬಹಳಷ್ಟು ಆಟಗಳು ಕಾಲಮಿತಿಯವು. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿದು, ನೋಡಿದವರು ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ಕಲಾವಿದರನ್ನು ಒಬ್ಬೊಬ್ಬರನ್ನಾಗಿ ಫೋನ್ ಮಾಡಿ ಕರೆಸಿರುತ್ತಾರೆ. ಹಿಮ್ಮೇಳದವರು ಮೂವರೋ ನಾಲ್ವರೋ ಸೇರಿ ಒಂದು ಓಮ್ನಿಯಲ್ಲಿ ಬಂದಿರುತ್ತಾರೆ. ಮಧ್ಯಾಹ್ನ ಯಲ್ಲಾಪುರದ ಹಳ್ಳಿಯ ಮನೆಯೊಂದರಲ್ಲಿ ತಾಳಮದ್ದಲೆ, ಸಂಜೆ ಸಿದ್ದಾಪುರದಲ್ಲಿ ಆಟ ಎಂದರೆ ಶಿರಸಿ ಮೇಲೆ ಸುತ್ತಿ 80 ಕಿಲೋಮೀಟರ್ ದಾಟುವ ದಾರಿ. ನಡುವೆ ಊಟಕ್ಕೂ ಬಿಡುವಿಲ್ಲ. ಇವರಲ್ಲಿ ಹಲವರಿಗೆ ಮರುದಿನ ಬೆಳಗ್ಗೆ ತೋಟದ ಕೊನೆಕೊಯ್ಲು, ಶಾಲೆ, ಪೌರೋಹಿತ್ಯ ಕಾದಿರುತ್ತದೆ. ಕಾಲಮಿತಿ ನೋಡುವವರ ರಾತ್ರಿಯನ್ನು ಮೊಟಕು ಮಾಡಿತು. ಬಾರಿಸುವವರಿಗೆ ಹಗಲಿನ ನಿದ್ದೆಯೂ ಹೋಯಿತು.

ಆಟ ಮುಗಿದ ಮೇಲೆ ಒಮ್ಮೆ ರಂಗದ ಹಿಂದೆ ನಿಂತು ನೋಡಿ. ವೇಷಧಾರಿಗಳು ಬಣ್ಣ ತೆಗೆಯುತ್ತಿರುತ್ತಾರೆ, ಅವರ ಸುತ್ತ ಅಭಿಮಾನಿಗಳು, ಫೋಟೊ. ಗಣಪತಿ ಪೂಜೆಯಿಂದ ಮಂಗಳದವರೆಗೆ ಕೂತಲ್ಲಿಂದ ಏಳದ ಮದ್ದಲೆಯವರು ಇನ್ನೊಂದು ಮೂಲೆಯಲ್ಲಿ ಪಂಚೆಯ ತುದಿಯಿಂದ ಮುಚ್ಚಿಗೆ ಒರೆಸಿ ಗವಸು ಹಾಕುತ್ತಿರುತ್ತಾರೆ. ಮಳೆಗಾಲವಾದರೆ ಈ ಕೆಲಸ ಇನ್ನೂ ಜಾಗ್ರತೆಯದು. ತೊಗಲು ತೇವ ಎಳೆದುಕೊಂಡರೆ ಶ್ರುತಿ ಇಳಿಯುತ್ತದೆ. ಭಾಗವತರ ಶ್ರುತಿಗೆ ಹೊಂದಬೇಕೆಂದು ತಂದ ಒಂದೆರಡು ಹೆಚ್ಚಿನ ಮದ್ದಲೆಗಳೂ ಇರುತ್ತವೆ. ಗಾಡಿಯೊಳಗೆ ಮಳೆಹನಿ ಬೀಳದ ಜಾಗ ಮೊದಲು ಅವಕ್ಕೆ. ಬಾರಿಸಿದವರು ಒಂದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂರುತ್ತಾರೆ. ಇವರಲ್ಲೇ ಒಬ್ಬರು ಚಾಲಕರು. ಅಷ್ಟು ಹೊತ್ತು ಚಂಡೆ ಬಾರಿಸಿದ ಕೈಯೇ ಈಗ ಸ್ಟೇರಿಂಗ್ ಹಿಡಿಯಬೇಕು.

ನಮ್ಮ ದಾರಿಗಳೇನು ಸಾಮಾನ್ಯವೇ? ಕುಮಟಾ, ಹೊನ್ನಾವರದ ಕಲಾವಿದರು ದೇವಿಮನೆ ಘಟ್ಟವನ್ನೋ ದೊಡ್ಮನೆ ಘಟ್ಟವನ್ನೋ ಇಳಿಯಬೇಕು. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್. ಮಳೆಗಾಲದಲ್ಲಿ ಮಣ್ಣು ಕುಸಿದರೆ ಸುತ್ತುದಾರಿ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರದ ಹತ್ತಿರ ನಸುಕಿನಲ್ಲಿ ಉರುಳಿ 10 ಜನ ತೀರಿಹೋದರು. ಆ ಹೊತ್ತಿನಲ್ಲಿ, ಆ ರಸ್ತೆಯಲ್ಲಿ ಕಲಾವಿದರೂ ಓಡಾಡುತ್ತಾರೆ. ಯಕ್ಷಗಾನ ಇಂಥ ಪೆಟ್ಟನ್ನು ಮೊದಲೇ ತಿಂದಿದೆ. ಬಡಗುತಿಟ್ಟಿನ ಹಾಡುಗಾರಿಕೆಯ ದಿಕ್ಕನ್ನೇ ಬದಲಿಸಿದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ 32 ವರ್ಷವೂ ತುಂಬಿರಲಿಲ್ಲ. ಇಂದಿಗೂ ಅವರ ಧ್ವನಿಸುರುಳಿ ಹಾಕಿ ಕೇಳುವವರು ನಮ್ಮಲ್ಲಿದ್ದಾರೆ. ಅವರು ಇನ್ನೊಂದು 30 ವರ್ಷ ಹಾಡಿದ್ದರೆ ಎಂದು ನೆನೆದರೆ ಸಂಕಟವಾಗುತ್ತದೆ.

ಹಳ್ಳಿಯ ಸಂಘಗಳಿಗೆ ಹಣದ ಅಡಚಣೆ ಇದೆ, ಒಪ್ಪಿದೆ. ವಂತಿಗೆ ಎತ್ತಿ ಆಟ ಮಾಡಿಸುವವರ ಕಷ್ಟ ಹತ್ತಿರದಿಂದ ಕಂಡಿದ್ದೇನೆ. ಆದರೆ ಹಾಸಿಗೆಗೆ ಹಣ ಬೇಕಿಲ್ಲ. ನೂರಾರು ಜನರಿಗೆ ಊಟ ಹಾಕಿದ ಊರಿನಲ್ಲಿ, ಅಷ್ಟುದ್ದ ಜಗಲಿಗಳಿರುವ ಮನೆಗಳಲ್ಲಿ, ನಾಲ್ಕು ಜನಕ್ಕೆ ಕಂಬಳಿ ಹಾಸಿ ಬೆಳಗ್ಗೆ ತೆಳ್ಳೇವು ಕೊಟ್ಟು ಕಳಿಸುವುದು ನಮ್ಮ ಸೀಮೆಗೆ ಹೊಸತಲ್ಲ. ಹೋಗಲೇಬೇಕು ಎನ್ನುವವರಿದ್ದರೆ ನಿದ್ದೆ ಮಾಡಿ ಎದ್ದ ಊರ ಹುಡುಗನೊಬ್ಬ ಗಾಡಿ ಓಡಿಸಿ ಮುಟ್ಟಿಸಿ ಬರಲಿ. ದಾರಿಖರ್ಚನ್ನು ಸಂಭಾವನೆಯೊಳಗೇ ಸೇರಿಸಿ ಲಕೋಟೆ ಕೊಡುವ ರೂಢಿಯಂತೂ ನಿಲ್ಲಬೇಕು. ಪೆಟ್ರೋಲಿಗೆ ಹೋಗಿ ಉಳಿದದ್ದು ಸಂಭಾವನೆ ಎನಿಸಿಕೊಳ್ಳುವುದಿಲ್ಲ. ಪ್ರೇಕ್ಷಕರಿಗೂ ಒಂದು ಮಾತು: ಆರೂವರೆಗೆ ಎಂದರೆ ಆರೂವರೆಗೆ ಬನ್ನಿ. ಸಭಾಕಾರ್ಯಕ್ರಮದ ಭಾಷಣ ಒಂದು ತಾಸು ಎಳೆದರೆ ಆ ತಾಸು ಹೋಗುವುದು ಕಲಾವಿದರ ನಿದ್ದೆಯಿಂದ.

ಮಳೆಗಾಲದ ತಾಳಮದ್ದಲೆ ಕೂಟಗಳಿಗೆ ಹಿಮ್ಮೇಳ ಗೊತ್ತುಮಾಡುವವರು ದಿನಾಂಕ, ಪ್ರಸಂಗ ಮಾತಾಡುವ ಫೋನಿನಲ್ಲೇ ಇದನ್ನೂ ಕೇಳಿಬಿಡಲಿ: ರಾತ್ರಿ ಉಳಿಯುತ್ತೀರೋ, ಗಾಡಿಗೆ ಜನ ಬೇಕೋ?