ಹಾಡು ಬಾಯಿಗೆ ಬಂತು, ಅರ್ಥ ಬಂತೇ?

ರಿಪ್ಪನ್‌ಪೇಟೆ ಸುತ್ತಮುತ್ತಲ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತು ನಾಡಗೀತೆ ಹಾಡುತ್ತಾರೆ. ರಸ್ತೆಯಿಂದ ಕೇಳಿದರೆ ಎಲ್ಲರದೂ ಒಂದೇ ದನಿ. ಚಿಕ್ಕ ಮಕ್ಕಳ ಸಾಲಿನ ಪಕ್ಕದಲ್ಲೇ ನಿಂತರೆ ವಿಷಯ ಬೇರೆ. ಧಾಟಿ ತಪ್ಪಿರುವುದಿಲ್ಲ, ತಾಳ ತಪ್ಪಿರುವುದಿಲ್ಲ, ಪದಗಳು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ. ಇದಕ್ಕೆ ಕೆಲವರು ಗದರುತ್ತಾರೆ, ಹೆಚ್ಚಿನವರು ನಕ್ಕು ಬಿಟ್ಟುಬಿಡುತ್ತಾರೆ. ಮಗು ಹಾಗೇಕೆ ಹಾಡುತ್ತದೆ ಎಂದು ಕೇಳುವವರು ಕಡಿಮೆ. ಕೇಳಿದರೆ, ತಪ್ಪು ಮಗುವಿನ ಕಿವಿಯದಲ್ಲ, ಕಲಿಸುವ ಕ್ರಮದ್ದು ಎಂಬುದು ತಿಳಿಯುತ್ತದೆ.

ಬರವಣಿಗೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುತ್ತೇವೆ. ಮಾತಿನಲ್ಲಿ ಅಂಥ ಜಾಗ ಇರುವುದಿಲ್ಲ. ಕಿವಿಗೆ ಬೀಳುವುದು ಒಂದೇ ಸಮನೆ ಹರಿಯುವ ಸದ್ದು. ಅದನ್ನು ಪದಗಳಾಗಿ ಕತ್ತರಿಸುವುದು ಮಿದುಳಿನ ಕೆಲಸ, ಮಿದುಳು ಕತ್ತರಿಸುವುದು ತನಗೆ ಗೊತ್ತಿರುವ ಪದಗಳ ಅಳತೆಗೆ. ನಾಡಗೀತೆಯಲ್ಲಿ ಬರುವ ‘ತನುಜಾತೆ’ ಎಂದರೆ ಮಗಳು. ಆದರೆ ಆರು ವರ್ಷದ ಮಗುವಿಗೆ ಆ ಪದ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವುದು ಜಾತ್ರೆ. ‘ತನು ಜಾತ್ರೆ’ ಎಂದೇ ಅದಕ್ಕೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಇದಕ್ಕೆ ಸಂಧಿಯೂ ಸೇರಿಕೊಳ್ಳುತ್ತದೆ. ಅದೇ ಗೀತೆಯಲ್ಲಿ ‘ಅವತರಿಸಿದ’ ಎಂಬ ಪದ ಹಿಂದಿನ ಹೆಸರಿನ ಕೊನೆಯ ರಕಾರಕ್ಕೆ ಅಂಟಿಕೊಂಡು ಬರುತ್ತದೆ. ಸಂಧಿ ಬಿಡಿಸಿ ಹೇಳದಿದ್ದರೆ ‘ರವ ತರಿಸಿದ’ ಎಂದು ಒಡೆದುಕೊಳ್ಳಲು ಅಲ್ಲಿ ದಾರಿ ಇದೆ. ರವೆ, ತರಿಸು ಎರಡೂ ಮನೆಯ ಮಾತುಗಳು, ಅವತಾರ ಹಾಗಲ್ಲ. ಮಗು ಇಲ್ಲಿ ಅಜಾಗರೂಕವಾಗಿಲ್ಲ, ಅರ್ಥ ಹುಡುಕುತ್ತಿದೆ. ಅರ್ಥವಾಗದ ಸದ್ದನ್ನು ಹಾಗೇ ಬಿಡಲು ಅದರ ಮನಸ್ಸು ಒಪ್ಪುವುದಿಲ್ಲ.

ಮಿದುಳು ಹೀಗೆ ತುಂಬಿಕೊಳ್ಳುವುದನ್ನು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರನ್ 1970ರಲ್ಲಿ ತೋರಿಸಿಕೊಟ್ಟರು. ಧ್ವನಿಮುದ್ರಿಸಿದ ಒಂದು ವಾಕ್ಯದಿಂದ ಒಂದು ಅಕ್ಷರದ ಸದ್ದನ್ನು ಕತ್ತರಿಸಿ, ಆ ಜಾಗದಲ್ಲಿ ಕೆಮ್ಮಿನ ಸದ್ದು ಸೇರಿಸಿದರು. ಕೇಳಿದವರಿಗೆ ಅಕ್ಷರ ಹೋದದ್ದೇ ಗೊತ್ತಾಗಲಿಲ್ಲ, ಇಲ್ಲದ ಅಕ್ಷರ ಅವರ ಕಿವಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಪರಿಚಿತ ಪದವಾದರೆ ಮಿದುಳು ಸರಿಯಾದುದನ್ನೇ ತುಂಬುತ್ತದೆ. ಅಪರಿಚಿತವಾದರೆ ಹತ್ತಿರದ ಇನ್ನೊಂದನ್ನು ತಂದು ಕೂರಿಸುತ್ತದೆ.

ನಮ್ಮ ಕಡೆ ಅಕ್ಷರ ಮುಚ್ಚಿಹೋಗಲು ಕಾರಣಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಶಾಲೆಯ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೇಷ್ಟ್ರ ಮಾತೇ ಕೇಳಿಸುವುದಿಲ್ಲ. ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳುತ್ತ ಬೆಳೆದವರಿಗೆ ಇನ್ನೊಂದು ಅನುಭವವಿದೆ. ಆ ತರಂಗದಲ್ಲಿ ಹೆಚ್ಚು ಕಂಪನದ ಸದ್ದುಗಳು ಸೋಸಿಹೋಗುತ್ತವೆ. ಸ, ಶ, ಷಗಳನ್ನು ಬೇರೆ ಮಾಡಿ ತೋರಿಸುವುದು ಅವೇ. ತುಟಿ ಕಾಣದಿರುವುದೂ ಒಂದು ತೊಡಕು. ನಾವು ಕಣ್ಣಿನಿಂದಲೂ ಕೇಳುತ್ತೇವೆ ಎಂಬುದನ್ನು ಮನೋವಿಜ್ಞಾನಿಗಳಾದ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ 1976ರಲ್ಲಿ ತೋರಿಸಿದರು. ‘ಬ’ ಎಂಬ ಸದ್ದಿಗೆ ‘ಗ’ ಎನ್ನುವ ತುಟಿಯ ಚಿತ್ರ ಜೋಡಿಸಿದಾಗ ಹಲವರಿಗೆ ಕೇಳಿಸಿದ್ದು ‘ದ’. ಧ್ವನಿವರ್ಧಕಕ್ಕಾಗಲಿ ಮೊಬೈಲಿನ ಆಡಿಯೋಕ್ಕಾಗಲಿ ತುಟಿ ಇರುವುದಿಲ್ಲ.

ಪರಿಹಾರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರದ ಕಡೆಯ ಯಕ್ಷಗಾನ ಬಯಲಾಟವನ್ನೇ ನೋಡಿ. ಭಾಗವತರು ಏರುದನಿಯಲ್ಲಿ ಪದ್ಯ ಎತ್ತುತ್ತಾರೆ, ಮದ್ದಳೆ ಜೊತೆಗಿರುತ್ತದೆ, ಮೇಲೆ ಚಂಡೆ. ಹಿಂದೆ ಕುಳಿತವರಿಗೆ ಅರ್ಧ ಪದ ಚಂಡೆಯಲ್ಲೇ ಮುಳುಗಿಹೋಗುತ್ತದೆ. ಆದರೂ ಕಥೆ ಯಾರಿಗೂ ತಪ್ಪುವುದಿಲ್ಲ. ಪದ್ಯ ಮುಗಿದೊಡನೆ ವೇಷಧಾರಿ ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಅರ್ಥಗಾರಿಕೆಯೇ ಪ್ರಧಾನ. ಹಾಡಿನಲ್ಲಿ ಪದ ಕಳೆದುಹೋಗುತ್ತದೆ, ಮಾತಿನಲ್ಲಿ ಅದನ್ನು ಹಿಂದಿರುಗಿಸಬೇಕು ಎಂಬ ತಿಳಿವಳಿಕೆ ಈ ಕಲೆಯ ಕಟ್ಟಿನಲ್ಲೇ ಇದೆ.

ಪದವನ್ನು ಮುಂದಿಟ್ಟು ಹಾಡುವ ದಾರಿಯನ್ನು ಸುಗಮ ಸಂಗೀತದವರು ತೋರಿಸಿದ್ದಾರೆ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು ನಮ್ಮ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ. ಕವಿತೆಯ ಒಂದೊಂದು ಪದವೂ ಕೇಳುಗನಿಗೆ ತಲುಪಬೇಕೆಂಬ ಕಾಳಜಿ ಆ ಗಾಯನದಲ್ಲಿದೆ.

ಶಾಲೆಗೂ ಇದೇ ದಾರಿ ಸಾಕು. ಮೊದಲು ಧಾಟಿ, ಆಮೇಲೆ ಎಂದಾದರೂ ಅರ್ಥ ಎಂಬ ಕ್ರಮವನ್ನು ತಿರುವುಮುರುವು ಮಾಡಬೇಕು. ವಾರಕ್ಕೊಂದು ನುಡಿ ತೆಗೆದುಕೊಂಡು, ಪದ ಬಿಡಿಸಿ ಬೋರ್ಡಿನ ಮೇಲೆ ಬರೆಯಲಿ. ಅವತಾರ ಎಂದರೇನು, ಮಕುಟ ಎಂದರೇನು ಎಂದು ಹೇಳಲಿ. ಮಕ್ಕಳಿಗೆ ಮುಖ ಕಾಣುವಂತೆ ನಿಂತು, ರಾಗವಿಲ್ಲದೆ ನಿಧಾನವಾಗಿ ಓದಲಿ. ಆಮೇಲೆ ಹಾಡಿಸಲಿ. ನಡುವೆ ಒಂದೊಂದು ಮಗುವನ್ನೂ ಹತ್ತಿರ ಕರೆದು, ‘ನಿನಗೆ ಹೇಗೆ ಕೇಳಿಸ್ತದೆ, ಹೇಳು ಮರಿ’ ಎಂದು ಪ್ರೀತಿಯಿಂದ ಕೇಳಲಿ. ಗದರಿದರೆ ಮಗು ತುಟಿ ಮಾತ್ರ ಆಡಿಸುವುದನ್ನು ಕಲಿಯುತ್ತದೆ, ಪದವನ್ನಲ್ಲ.

ಕುವೆಂಪು ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಧಾಟಿಯ ಬಗ್ಗೆ, ಹೊತ್ತಿನ ಬಗ್ಗೆ ವರ್ಷಗಟ್ಟಲೆ ಚರ್ಚೆಯಾಗಿದೆ. ಕವಿಯ ಊರಾದ ಕುಪ್ಪಳಿಯ ನೆರೆಯಲ್ಲಿರುವ ನಾವು ಅಷ್ಟೇ ಶ್ರದ್ಧೆಯನ್ನು ಅರ್ಥದ ಮೇಲೂ ಇಡಬೇಕು. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೆ ಐದು ನಿಮಿಷ ಮೀಸಲಿಟ್ಟರೆ, ವರ್ಷ ಮುಗಿಯುವುದರೊಳಗೆ ಮಕ್ಕಳು ತಾವು ಹಾಡುವುದೇನೆಂದು ತಿಳಿದು ಹಾಡುತ್ತಾರೆ. ಇದಕ್ಕೆ ಆದೇಶ ಬೇಡ, ಅನುದಾನವೂ ಬೇಡ. ಈ ಸೋಮವಾರದಿಂದಲೇ ಶುರುಮಾಡಬಹುದು.